ಸುರೆಯಿಂದ ಸೆರೆಗೆ

ಲೋಕಾಪುರದ ಸುತ್ತಿನ ಮಾತಿನಲ್ಲಿ ಮದ್ಯಕ್ಕೆ ಬಳಕೆಯ ಹೆಸರು ‘ಸೆರೆ’, ಹಲವರ ಬಾಯಲ್ಲಿ ‘ಶೆರೆ’. ‘ಶೆರೆ ಕುಡದ ಬಂದಾನ’, ‘ಶೆರೆ ಅಂಗಡಿ’, ‘ಈಗ ಶೆರೆ ಬಿಟ್ಟಾನ’. ಪದಪ್ರಿಯರಾದ ನಾವು ಈ ಎರಡಕ್ಷರದ ಮುಂದೆ ತುಸು ಹೊತ್ತು ನಿಲ್ಲಬೇಕು, ಏಕೆಂದರೆ ಕನ್ನಡದಲ್ಲಿ ಸೆರೆ ಒಂದೇ ಅಲ್ಲ. ಬಂದೀಖಾನೆಯ ಸೆರೆ ತಮಿಳಿನ ‘ಚಿಱೈ’ಗೆ ಒಡಹುಟ್ಟು, ಹಳಗನ್ನಡದಲ್ಲಿ ಶಕಟರೇಫ ಹೊತ್ತ ‘ಸೆಱೆ’. ‘ಗಂಟಲ ಸೆರೆ ಬಿಗಿಯಿತು’ ಎನ್ನುವಾಗಿನ ಸೆರೆ ಸಂಸ್ಕೃತದ ‘ಸಿರಾ’, ಅಂದರೆ ನಾಳ. ಕುಡಿಯುವ ಸೆರೆ ಮೂರನೆಯದು. ಮಾಲಾ ಮಾಲೆಯಾದಂತೆ ಸುರಾ ಸುರೆಯಾಗಿ, ಕೊನೆಯ ಎಕಾರ ಮೊದಲ ಸ್ವರವನ್ನೂ ತನ್ನತ್ತ ಎಳೆದುಕೊಂಡು ಸೆರೆಯಾಯಿತು ಎಂಬುದು ನನ್ನ ಎಣಿಕೆ. ಱಕಾರ ನಮ್ಮ ಉಚ್ಚಾರಣೆಯಿಂದ ಅಳಿದ ಮೇಲೆ ಮೂರಕ್ಕೂ ಒಂದೇ ರೂಪ ಉಳಿಯಿತು.

ಸುರಾ ಎಂಬುದಕ್ಕೆ ಯಾಸ್ಕನ ನಿರುಕ್ತ ‘ಸು’ ಧಾತುವನ್ನು ಕೊಡುತ್ತದೆ. ಹಿಂಡು, ರಸ ತೆಗೆ ಎಂಬ ಅರ್ಥದ ಇದೇ ಧಾತುವಿನಿಂದ ಸೋಮವೂ ಸವನವೂ ಹುಟ್ಟಿರುವುದರಿಂದ, ಯಜ್ಞದ ಸೋಮ ಮತ್ತು ಗಡಂಗಿನ ಸುರೆ ಈ ಲೆಕ್ಕದಲ್ಲಿ ಒಂದೇ ಮನೆಯ ಮಕ್ಕಳು. ಇರಾನಿನ ಕಡೆ ಅವೆಸ್ತಾದಲ್ಲಿ ಅದು ‘ಹುರಾ’. ರಾಮಾಯಣದ ಬಾಲಕಾಂಡವಂತೂ ಸಮುದ್ರಮಥನದಲ್ಲಿ ಎದ್ದುಬಂದ ವಾರುಣಿಯನ್ನು ಒಪ್ಪಿಕೊಂಡವರು ಸುರರು, ಒಲ್ಲೆನೆಂದವರು ಅಸುರರು ಎಂದು ಹೇಳಿಬಿಡುತ್ತದೆ. ವ್ಯಾಕರಣ ಇದನ್ನು ಒಪ್ಪದು. ಆದರೆ ಜನ ಕಟ್ಟಿಕೊಂಡ ನಿರುಕ್ತಿಗೂ ಪದದ ಬಾಳಿನಲ್ಲಿ ಒಂದು ಪಾಲಿದೆ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಈ ಸುರೆ ಮೊದಲಿಗೆ ಕಾಳಿನ ಪೇಯ. ಸೌತ್ರಾಮಣಿ ಯಾಗದ ಸುರೆಗೆ ಬೇಕಾದ ಸಾಮಗ್ರಿಯಲ್ಲಿ ಮೊಳೆತ ಭತ್ತ ‘ಶಷ್ಪ’, ಮೊಳೆತ ಜವೆ ‘ತೋಕ್ಮ’, ಹುರಿದ ‘ಲಾಜ’, ಹುದುಗೆಬ್ಬಿಸುವ ‘ನಗ್ನಹು’ ಎಲ್ಲ ಬರುತ್ತವೆ. ಕಾಳನ್ನು ಮೊಳಕೆ ಬರಿಸಿ ಹುದುಗಿಸುವ ಈ ಕ್ರಮವೇ ಇಂದು ಬೀರಿನದು. ಮನುಸ್ಮೃತಿ ಸುರೆಯನ್ನು ಮೂರಾಗಿ ವಿಂಗಡಿಸುವಾಗ ಹಿಟ್ಟಿನದಕ್ಕೆ ‘ಪೈಷ್ಟೀ’, ಬೆಲ್ಲದ್ದಕ್ಕೆ ‘ಗೌಡೀ’, ಮಧುವಿನದಕ್ಕೆ ‘ಮಾಧ್ವೀ’ ಎನ್ನುತ್ತದೆ. ಪೈಷ್ಟಿಯೊಳಗಿನ ‘ಪಿಷ್ಟ’ ನಮ್ಮ ವಿಜ್ಞಾನದ ಪಠ್ಯಗಳಲ್ಲಿ ಸ್ಟಾರ್ಚಿಗೆ ಹೆಸರಾಗಿ ನಿಂತಿದೆ, ಸುರೆಯ ಹುದುಗಾಗಿದ್ದ ‘ಕಿಣ್ವ’ ಎನ್‌ಜೈಮ್ ಆಗಿದೆ. ಕಿಣ್ವವು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ ಎಂದು ಮುಧೋಳದ ಶಾಲೆಯ ಮಗು ಓದುವ ವಾಕ್ಯದಲ್ಲಿ ಸುರೆಗಾರನ ಎರಡು ಮುಖ್ಯ ಪದಗಳು, ಕುಡಿತದ ಸೋಂಕೇ ಇಲ್ಲದೆ, ಸುಖವಾಗಿ ಬಾಳುತ್ತಿವೆ.

ಸುರೆಯ ಬಗೆಗಳನ್ನು ಸವಿದು ಹೆಸರಿಟ್ಟವರ ಕೋಶ ಬೇಕೆಂದರೆ ಕೌಟಿಲ್ಯನ ಸುರಾಧ್ಯಕ್ಷ ಪ್ರಕರಣಕ್ಕೆ ಹೋಗಬೇಕು. ಆ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದವರು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಎಂಬ ಹೆಮ್ಮೆ ನಮಗಿದೆ. ಅಲ್ಲಿ ಮೇದಕ, ಪ್ರಸನ್ನೆ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು. ಸುರೆಯಲ್ಲೇ ಮತ್ತೆ ಸಹಕಾರಸುರೆ, ಮಹಾಸುರೆ, ಶ್ವೇತಸುರೆ. ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಸೇರಿದರೆ ಮೇದಕ. ಆ ಕಿಣ್ವವಾದರೂ ಉದ್ದಿನ ಹಿಟ್ಟಿಗೆ ಅಕ್ಕಿ ಬೆರೆಸಿ ಮಾಡಿದ್ದು; ನಮ್ಮ ದೋಸೆಹಿಟ್ಟಿನ ಹತ್ತಿರದ ನೆಂಟ. ಹಬ್ಬ ಹುಣ್ಣಿಮೆಗೆ ಗೃಹಸ್ಥರು ಮನೆಯಲ್ಲೇ ಶ್ವೇತಸುರೆ ಮಾಡಿಕೊಳ್ಳಬಹುದಿತ್ತು, ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನ ಸುರೆ ತಯಾರಿಸಲು ಅಪ್ಪಣೆಯಿತ್ತು.

ಇವುಗಳಲ್ಲಿ ನನಗೆ ತುಂಬ ಪ್ರಿಯವಾದ ಹೆಸರು ‘ಪ್ರಸನ್ನೆ’. ‘ಸದ್’ ಎಂದರೆ ಕೂರು, ತಳವೂರು. ಗಷ್ಟು ಕೆಳಗಿಳಿದು ಮೇಲೆ ನಿಂತ ತಿಳಿಯೇ ಪ್ರಸನ್ನ. ಮನಸ್ಸು ಪ್ರಸನ್ನ, ಮುಖ ಪ್ರಸನ್ನ ಎನ್ನುವ ಮೊದಲು ಪ್ರಸನ್ನವಾದದ್ದು ನೀರು. ನಮ್ಮ ‘ತಿಳಿ’ಯೂ ಅದೇ ಜಾಡು ಹಿಡಿದಿದೆ: ತಿಳಿನೀರು, ತಿಳಿಸಾರು, ಹಾಗೆಯೇ ಅರಿವೆಂಬ ತಿಳಿವು. ಅದಕ್ಕೆ ಎದುರಾಗಿ ಬಗ್ಗಡ, ಲೋಕಾಪುರದವರಿಗೆ ‘ರಾಡಿ’. ಲಾಗರ್ ತಿಳಿ, ಗೋಧಿಯ ಬೀರು ಮಸುಕು ಎಂದು ಇಂದಿನ ರಸಿಕರು ಲೋಟವನ್ನು ಬೆಳಕಿಗೆ ಹಿಡಿದು ಮಾಡುವ ಭೇದಕ್ಕೆ ಇಷ್ಟು ಹಳೆಯ ಮಾತುಗಳು ಒದಗಿಬರುತ್ತವೆ.

ಬಟ್ಟಿ ಇಳಿಸುವ ವಿದ್ಯೆ ಹಬ್ಬಿದ ಮೇಲೆ ಸುರೆಯೊಳಗಿನ ಕಾಳು ಮರೆತುಹೋಯಿತು. ಸಾರಾಯಿ, ಕಳ್ಳಬಟ್ಟಿ, ಬ್ರಾಂದಿ ಎಲ್ಲವನ್ನೂ ‘ಸೆರೆ’ ಒಂದೇ ಮಡಿಲಿಗೆ ಹಾಕಿಕೊಂಡಿತು. ಬಗೆ ಕಳೆದು ಅಮಲು ಮಾತ್ರ ಉಳಿಯಿತು, ಅಮಲಿನ ಹಿಂದೆ ಹೆಂಡಿರು ಮಕ್ಕಳ ಕಣ್ಣೀರೂ ಆ ಪದಕ್ಕೆ ಅಂಟಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತರೂ ಸೆರೆ ಎಂಬ ಮಾತು ನಿಲ್ಲಲಿಲ್ಲ, ಬಾಟಲಿಗೆ ದಾಟಿಕೊಂಡಿತು. ಗೌಡಿಯ ಬೆಲ್ಲ ಮಹಾಲಿಂಗಪುರದ ಪೇಟೆಯಲ್ಲಿ ರಾಶಿ ಬೀಳುತ್ತದೆ, ಗೌಡಿ ಎಂಬ ಹೆಸರನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

ಶಾಮಶಾಸ್ತ್ರಿಗಳ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದ ಬೆಂಗಳೂರಿನಲ್ಲಿ ಅಚ್ಚಾದ 1915ರಲ್ಲೇ ಥಾಮಸ್ ಲೀಶ್ಮನ್ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಕಾಳಿನ ಪೇಯ ಹೀಗೆ ‘ಬೀರು’ ಎಂಬ ಪರಸ್ಥಳದ ಹೆಸರಿನಲ್ಲಿ ನೆಲೆಯೂರಿತು. ಬೇಸಿಗೆ ಬಂದರೆ ಬೆಂಗಳೂರಿನ ಬೀರುಮನೆಗಳು ಮಾವಿನ ಹಣ್ಣು ಸೇರಿಸಿ ಒಂದು ಬಗೆ ಇಳಿಸುತ್ತವೆ; ಸಹಕಾರವೆಂದರೆ ಕಂಪಿನ ಮಾವು, ಆದ್ದರಿಂದ ಅದನ್ನು ಸಹಕಾರಸುರೆ ಎನ್ನಲು ಅಡ್ಡಿಯಿಲ್ಲ. ಲೋಕಾಪುರದ ಎರೆಹೊಲದ ಜೋಳಕ್ಕೂ ಇಲ್ಲಿ ಒಂದು ಜಾಗವಿದೆ. ಆಫ್ರಿಕದಿಂದ ನಮ್ಮಲ್ಲಿಗೆ ಬಂದ ಆ ಕಾಳನ್ನು ಬುರ್ಕಿನಾ ಫಾಸೊದ ಹೆಂಗಸರು ಇಂದಿಗೂ ಮೊಳಕೆ ಬರಿಸಿ, ಕುದಿಸಿ, ಹುದುಗಿಸಿ ‘ದೋಲೊ’ ಮಾಡುತ್ತಾರೆ. ಅದು ಜೋಳದ ಪೈಷ್ಟಿ.