ಗರತಿಯ ಹಾಡೂ ನಾಗೇಶಿಯ ಪದವೂ

ಹೆಣ್ಣುಮಕ್ಕಳು ಕಟ್ಟಿದ ಹಾಡುಗಳ ಮಾತು ಬಂದಾಗಲೆಲ್ಲ ಒಂದು ಪಟ್ಟಿ ತಪ್ಪದೆ ಬರುತ್ತದೆ: ತವರಿನ ಹಂಬಲ, ಅಣ್ಣತಮ್ಮಂದಿರ ಹೊಗಳಿಕೆ, ಗಂಡನಲ್ಲಿ ಭಕ್ತಿ, ಕೂಸಿನ ಮುದ್ದು, ಅತ್ತೆಯ ಅಂಜಿಕೆ. ಹಿಂದಿನ ತಲೆಮಾರಿನ ರಸಿಕರು ಈ ಪಟ್ಟಿಯನ್ನು ಓದಿ ಕಣ್ಣೊರೆಸಿಕೊಂಡು, ಇದೇ ಕನ್ನಡ ಗೃಹಿಣಿಯ ಶುದ್ಧ ಹೃದಯವೆಂದರು. ಈಚಿನ ವಿಮರ್ಶಕರಲ್ಲಿ ಕೆಲವರು ಅದೇ ಪಟ್ಟಿಯನ್ನು ಓದಿ ಹುಬ್ಬು ಗಂಟಿಕ್ಕಿ, ಹೆಣ್ಣು ತನ್ನ ಕಾಲಿನ ಸಂಕೋಲೆಯನ್ನೇ ಗೆಜ್ಜೆಯೆಂದು ಹಾಡಿದಳು ಎನ್ನುತ್ತಾರೆ. ಒಬ್ಬರು ಮೆಚ್ಚುವ, ಇನ್ನೊಬ್ಬರು ಮರುಗುವ ಪಟ್ಟಿ ಮಾತ್ರ ಒಂದೇ. ಆ ಹಾಡುಗಳು ಯಾರ ಕಿವಿಗೆ ಬೀಳಲೆಂದು ಹುಟ್ಟಿದವು, ಅವುಗಳಲ್ಲಿ ಅಣ್ಣನಿಗೆ ಅಷ್ಟು ದೊಡ್ಡ ಮಣೆ ಏಕೆ ಎಂದು ಕೇಳಿಕೊಂಡರೆ ಚಿತ್ರ ಬೇರೆಯಾಗುತ್ತದೆಂದು ನನಗೆ ತೋರುತ್ತದೆ.

ಈ ವಿಚಾರಕ್ಕೆ ನಮ್ಮ ಕೃಷ್ಣಾತೀರದ ಮೂಲೆ ತಕ್ಕ ಸ್ಥಳ. ಹಿಂದೆ ಅಥಣಿ ತಾಲೂಕಿಗೆ ಸೇರಿ ಈಗ ಕಾಗವಾಡ ತಾಲೂಕಿನಲ್ಲಿರುವ ಜುಗೂಳ, ಹೊಳೆಯ ಈಚೆ ದಂಡೆಯ ಊರು. ಆಚೆಯ ಖಿದ್ರಾಪುರದಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. ಅಲ್ಲಿಯ ಕಲ್ಲುಗಳು ಕನ್ನಡ ಮಾತಾಡುತ್ತವೆ, ಊರು ಮಾತ್ರ ಕೊಲ್ಲಾಪುರ ಜಿಲ್ಲೆಯದು. ಸೊಸೆಯಂದಿರು ಈ ದಂಡೆಯಿಂದ ಆ ದಂಡೆಗೆ ಹೋಗುತ್ತಾರೆ, ಆ ದಂಡೆಯಿಂದ ಈ ದಂಡೆಗೆ ಬರುತ್ತಾರೆ. ಈಚೆ ಬೀಸುವ ಕಲ್ಲಿನ ಮುಂದೆ ತ್ರಿಪದಿ. ಆಚೆ ಅಂಥದೇ ಕಲ್ಲಿನ ಮುಂದೆ ಮರಾಠಿ ಓವಿ. ಜಾತ್ರೆಯ ರಾತ್ರಿ ಬಯಲಿನಲ್ಲಿ ಹರದೇಶಿ-ನಾಗೇಶಿಯ ಮೇಳ. ಮನೆಯೊಳಗೆ ಹೆಣ್ಣು ಹಾಡಿದ ಹಾಡು, ಬಯಲಿನಲ್ಲಿ ಹೆಣ್ಣು ಹಾಡಿದ ಹಾಡು, ಎರಡೂ ಒಂದೇ ಊರಿನ ಕಿವಿಗೆ ಬಿದ್ದ ಸೀಮೆ ಇದು.

ತ್ರಿಪದಿ ಮೊದಲಿನಿಂದ ಹೆಣ್ಣಿನದೇ ಎಂದು ಹೇಳುವದು ಕಷ್ಟ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಹೊತ್ತಿಗೆ ಅದು ಕಪ್ಪೆ ಅರಭಟ್ಟನೆಂಬ ಗಂಡಸಿನ ಕೆಚ್ಚನ್ನು ಸಾರುತ್ತ ನಿಂತಿದೆ. ಸರ್ವಜ್ಞನ ಕೈಯಲ್ಲಿ ಅದು ಲೋಕನೀತಿಯ ಚಾಟಿಯಾಯಿತು. ಆದರೆ ನಸುಕಿನಲ್ಲೆದ್ದು ದಿನದ ಜೋಳ ಬೀಸುವ ಹೆಂಗಸು ಅದನ್ನು ಬಳಸಿದಷ್ಟು ಯಾವ ಕವಿಯೂ ಬಳಸಲಿಲ್ಲ. ಹಾಡುವಾಗ ಎರಡನೆಯ ಸಾಲಿನ ತುಣುಕನ್ನು ಮರಳಿ ಎತ್ತಿಕೊಂಡು ಮೂರು ಸಾಲನ್ನು ನಾಲ್ಕಾಗಿ ಎಳೆಯುತ್ತಾರೆ. ಗೂಟ ಹಿಡಿದು ಎದುರಿಗೆ ಕುಳಿತವಳಿಗೆ ಮುಂದಿನ ನುಡಿ ಹೊಳೆಯಲು ಅಷ್ಟು ಬಿಡುವು ಸಾಕು. ಒಬ್ಬಳು ಎತ್ತಿದ ಪದಕ್ಕೆ ಇನ್ನೊಬ್ಬಳು ತನ್ನ ಊರಿನ ಹೆಸರು, ತನ್ನ ಅಣ್ಣನ ಹೆಸರು ಕೂಡಿಸುತ್ತಾಳೆ. ಹೀಗೆ ಪದ ಊರಿಂದೂರಿಗೆ ನಡೆಯುತ್ತದೆ. ಇಂಥ ಕಡೆ ಕಟ್ಟಿದವಳು ಯಾರು, ಹಾಡಿದವಳು ಯಾರು ಎಂಬ ಗೆರೆ ಎಳೆಯಲಾಗದು. ಹಾಡಿದವಳೆಲ್ಲ ತುಸುವಾದರೂ ಕಟ್ಟಿದವಳೇ.

1931ರಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಈ ಪದಗಳನ್ನು ಪುಸ್ತಕವಾಗಿ ತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರ ಉಪಕಾರವನ್ನು ಕನ್ನಡನಾಡು ಮರೆಯುವಂತಿಲ್ಲ. ಓದುಬರೆಹ ಬಲ್ಲವರು ಹಳ್ಳಿಯ ಹಾಡೆಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅವರು ಒಲೆಯ ಮುಂದೆ, ಕಲ್ಲಿನ ಮುಂದೆ ಕುಳಿತು ಬರೆದುಕೊಂಡರು. ಪುಸ್ತಕಕ್ಕೆ ಅವರಿಟ್ಟ ಹೆಸರು ‘ಗರತಿಯ ಹಾಡು’. ಹೆಸರು ಚೆಲುವಾದದ್ದೇ. ಆದರೆ ಗರತಿ ಎಂಬುದು ಬರಿಯ ಗೃಹಿಣಿಯನ್ನು ಸೂಚಿಸುವ ಶಬ್ದವಲ್ಲ. ಅದು ನಡತೆಗೆ ಕೊಟ್ಟ ಪ್ರಶಸ್ತಿಪತ್ರ. ಬೀಸುವವಳು ತನ್ನನ್ನು ಮಗಳೆಂದು, ತಂಗಿಯೆಂದು, ಹಡೆದವಳೆಂದು ಕರೆದುಕೊಳ್ಳುವ ಕಡೆಯಲ್ಲೆಲ್ಲ ಮುಖಪುಟ ಅವಳನ್ನು ಗರತಿಯೆಂದು ಕರೆಯಿತು. ಅಂದಿನಿಂದ ನಾವು ಆ ಹಾಡುಗಳನ್ನು ಮುಖಪುಟದ ಮೂಲಕವೇ ಓದುತ್ತಿದ್ದೇವೆ.

ಇನ್ನೊಂದು ಮಾತು. ಹಾಡು ಬರೆದುಕೊಳ್ಳಲು ಬಂದವರು ಗಂಡಸರು, ಊರಿನವರು, ಹಾಡುವವಳಿಗೆ ಮಗನೋ ತಮ್ಮನೋ ಮೈದುನನೋ ಆಗಬೇಕಾದವರು. ತಮ್ಮನ ಕೈಯಲ್ಲಿ ವಹಿ ಇರುವಾಗ ಅಕ್ಕ ಯಾವ ಪದ ಎತ್ತುತ್ತಾಳೆ, ಯಾವದನ್ನು ನುಂಗಿಕೊಳ್ಳುತ್ತಾಳೆ? ನೆಗೆಣ್ಣಿಯರಿಬ್ಬರೇ ಕುಳಿತಾಗಿನ ಪದಕ್ಕೂ ಗಂಡಸರು ಜಗುಲಿಗೆ ಬಂದಮೇಲಿನ ಪದಕ್ಕೂ ಇರುವ ಅಂತರ ಹಳ್ಳಿಯಲ್ಲಿ ಬೆಳೆದ ಯಾರಿಗೂ ಗೊತ್ತಿದ್ದದ್ದೇ. ಇದು ಸಂಗ್ರಾಹಕರ ಮೇಲಿನ ದೂರಲ್ಲ. ಅವರ ಮರ್ಯಾದೆ, ಅವಳ ಮರ್ಯಾದೆ ಎರಡೂ ಸೇರಿ ಸೋಸಿ ಉಳಿದದ್ದು ನಮ್ಮ ಕೈಗೆ ಬಂದಿದೆ ಎಂದಷ್ಟೇ ನೆನಪಿಟ್ಟರೆ ಸಾಕು. ಸೋಸಿದಮೇಲೂ ಹೆಣ್ಣುಜನ್ಮದ ಬೇಸರದ ಪದಗಳು ಅಲ್ಲಿ ಉಳಿದಿವೆ ಎನ್ನುವದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಈಗ ಅಣ್ಣನ ವಿಷಯ. ಕನ್ನಡ ತ್ರಿಪದಿಯಲ್ಲಿ ಅಣ್ಣ ಬಂದಷ್ಟು ಬಾರಿ ಬೇರೆ ಯಾವ ಗಂಡಸೂ ಬಂದಂತಿಲ್ಲ. ಅವನ ಎತ್ತು, ಅವನ ಬಂಡಿ, ಅವನ ರುಮಾಲು, ಪಂಚಮಿಗೆ ಕರೆಯಲು ಬರುವ ಅವನ ದಾರಿ, ಅವನು ತರುವ ಸೀರೆ ಕುಬಸ. ಇದನ್ನು ಬರಿಯ ಒಡಹುಟ್ಟಿದವರ ವಾತ್ಸಲ್ಯವೆಂದು ಬಿಟ್ಟುಬಿಟ್ಟರೆ ಅರ್ಧ ಓದಿದಂತಾಯಿತು. ಈ ಪದಗಳು ಹುಟ್ಟಿದ ಕಾಲದಲ್ಲಿ ಅಪ್ಪನ ಹೊಲದಲ್ಲಿ ಮಗಳಿಗೆ ಹುಟ್ಟಿನಿಂದ ಬರುವ ಪಾಲು ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅವಳನ್ನು ಅಪ್ಪನ ವಾರಸುದಾರರ ಸಾಲಿಗೆ ಸೇರಿಸಿತಾದರೂ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಜನ್ಮಸಿದ್ಧ ಹಕ್ಕು ಗಂಡುಮಕ್ಕಳದೇ ಆಗಿ ಉಳಿಯಿತು. ಕರ್ನಾಟಕ 1994ರಲ್ಲಿ ಅದನ್ನು ತಿದ್ದಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ದೇಶಕ್ಕೆಲ್ಲ ಆ ಹಕ್ಕು ಬಂದದ್ದು 2005ರಲ್ಲಿ. ಹೊಲ ಕೊಡದ ಮನೆ ಮಗಳಿಗೆ ಕೊಟ್ಟದ್ದೇನು? ವರುಷಕ್ಕೊಮ್ಮೆ ಕರೆ, ಬಾಣಂತನ, ಒಂದು ಸೀರೆ, ಒಂದು ಖಣ; ಗಂಡನ ಮನೆಯಲ್ಲಿ ಮಾತು ಮೀರಿದಾಗ ಬಂದು ನಿಲ್ಲುವ ಒಬ್ಬ ಗಂಡಸು. ಇಷ್ಟೂ ಅಪ್ಪ ಸತ್ತಮೇಲೆ ಅಣ್ಣನ ಮರ್ಜಿಯ ಮೇಲೆ ನಿಂತದ್ದು. ಹಾಡಿನಲ್ಲಿ ಅಣ್ಣನನ್ನು ಹೊಗಳುವದೆಂದರೆ ಆ ಬಾಗಿಲನ್ನು ತೆರೆದಿಟ್ಟುಕೊಳ್ಳುವದು. ತಾಯಿ ಇದ್ದ ತವರು ಬೇರೆ, ತಾಯಿ ಇಲ್ಲದ ತವರು ಬೇರೆ ಎಂದು ಹಾಡು ಮತ್ತೆ ಮತ್ತೆ ಭೇದ ಮಾಡುವದೂ, ಹೊಗಳಿಕೆಯ ನಡುವೆ ಅತ್ತಿಗೆಗೊಂದು ಚುಚ್ಚುಮಾತು ಇರುವದೂ ಇದೇ ಲೆಕ್ಕಕ್ಕೆ. ನಾನು ಅದನ್ನು ಹೊಗಳಿಕೆಯಾಗಿ ಓದುವದಿಲ್ಲ, ಅರ್ಜಿಯಾಗಿ ಓದುತ್ತೇನೆ. ಬರೆಯಲು ಬಾರದವಳು, ತಲಾಟಿಯ ಉತಾರದಲ್ಲಿ ಹೆಸರಿಲ್ಲದವಳು ಕೊಟ್ಟ ಅರ್ಜಿ.

ಇಂದಿಗೂ ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವ ಹೊತ್ತಿಗೆ ಅಕ್ಕತಂಗಿಯರನ್ನು ಕರೆಸಿ ‘ಹಕ್ಕಸೋಡ ಪತ್ರ’ಕ್ಕೆ ಸಹಿ ಹಾಕಿಸುವದುಂಟು. ಸಹಿಯ ಜೊತೆಗೆ ಸೀರೆಯೂ ಬರುತ್ತದೆ. ಸಹಿ ಹಾಕದವಳಿಗೆ ತವರು ತಪ್ಪಿತೆಂದು ಹೇಳುವವರು ಊರಲ್ಲಿ ಬೇಕಾದಷ್ಟು ಜನ. ಕಾಯಿದೆ ಬದಲಾದರೂ ಹಳೆಯ ತ್ರಿಪದಿಯ ತರ್ಕ ಇನ್ನೂ ಹಳತಾಗಿಲ್ಲ.

ಇನ್ನು ಬಯಲಿಗೆ ಬರೋಣ. ಕಲ್ಗಿ-ತುರಾ ಎಂಬ ಲಾವಣಿಕಾರರ ಎರಡು ಪಂಥಗಳು ಮರಾಠಿ ನಾಡಿನಲ್ಲೂ ನಮ್ಮಲ್ಲೂ ಪ್ರಸಿದ್ಧ. ಕಲ್ಗಿಯವರು ಶಕ್ತಿ ಹೆಚ್ಚೆನ್ನುವವರು, ತುರಾದವರು ಶಿವ ಹೆಚ್ಚೆನ್ನುವವರು. ಬೆಳಗಾವಿ ವಿಜಯಪುರಗಳ ಗೀಗೀ ಮೇಳಗಳಲ್ಲಿ ಇದೇ ಹರದೇಶಿ-ನಾಗೇಶಿಯ ವಾದವಾಯಿತು. ಗಂಡು ಹೆಚ್ಚೆಂದು ಹರದೇಶಿಯವರು ಹಾಡಿದರೆ, ಹೆಣ್ಣು ಹೆಚ್ಚೆಂದು ನಾಗೇಶಿಯವರು ಸವಾಲು ಹಾಕುತ್ತಾರೆ. ನಾಗೇಶಿಯ ಪಕ್ಷವನ್ನು ಹಾಡುವವರು ಹೆಂಗಸರು. ದಪ್ಪು ಬಡಿಯುತ್ತಿರಲು, ತುಂತುಣಿ ಮಿಡಿಯುತ್ತಿರಲು, ಸಾವಿರ ಗಂಡಸರ ಮುಂದೆ ನಿಂತು, ಶಕ್ತಿಯಿಲ್ಲದ ಶಿವ ಎಷ್ಟರವನು ಎಂದು ರಾತ್ರಿಯೆಲ್ಲ ಕೇಳುವ ಹೆಣ್ಣು! ಬೀಸುವ ಕಲ್ಲಿನ ಮುಂದಿನ ಸಣ್ಣ ದನಿಗೂ ಇದಕ್ಕೂ ಅಜಗಜಾಂತರ.

ಆದರೆ ಲಾವಣಿಗೊಂದು ಕ್ರಮವಿದೆ. ಕೊನೆಯ ನುಡಿಯಲ್ಲಿ ಊರ ಹೆಸರು, ಗುರುವಿನ ಹೆಸರು, ಪದ ಕಟ್ಟಿದ ಕವಿಯ ಹೆಸರು ಬರಬೇಕು. ನಾಗೇಶಿಯ ಪದದ ಕೊನೆಯ ನುಡಿಗೆ ಕಿವಿಗೊಟ್ಟು ನೋಡಿರಿ: ಹೆಣ್ಣಿನ ಹಿರಿಮೆಯನ್ನು ಹಾಡಿ ಮುಗಿಸಿದವಳ ಬಾಯಲ್ಲಿ ಸಾಮಾನ್ಯವಾಗಿ ಬರುವದು ಒಬ್ಬ ಗಂಡಸಿನ ಅಂಕಿತ. ವಾದ ಅವಳದು, ಮಾತು ಅವನದು. ಆ ವಾದವಾದರೂ ಎಂಥದು? ಅನಸೂಯೆ ತ್ರಿಮೂರ್ತಿಗಳನ್ನು ಕೂಸಾಗಿಸಿದಳು, ಸಾವಿತ್ರಿ ಯಮನಿಂದ ಗಂಡನನ್ನು ಬಿಡಿಸಿಕೊಂಡಳು ಎಂದರೆ, ಅಹಲ್ಯೆ ಕಲ್ಲಾಗಲಿಲ್ಲವೆ, ರೇಣುಕೆಯ ತಲೆ ಹಾರಲಿಲ್ಲವೆ ಎಂದು ಉತ್ತರ. ಇಲ್ಲಿ ಹೆಣ್ಣು ದೇವಿಯಾಗಿ ಗೆಲ್ಲುತ್ತಾಳೆ, ಪತಿವ್ರತೆಯಾಗಿ ಗೆಲ್ಲುತ್ತಾಳೆ. ಜೋಳ ಬೀಸುವವಳಾಗಿ, ಪಾಲು ಸಿಗದವಳಾಗಿ ಕಣಕ್ಕೆ ಇಳಿಯುವದೇ ಇಲ್ಲ. ವಾದದಲ್ಲಿ ಗೆದ್ದು ಬೆಳಗಿನಲ್ಲಿ ದಪ್ಪು ಕಟ್ಟಿಟ್ಟವಳನ್ನು ಊರು ಗರತಿಯೆಂದೇನೂ ಕರೆಯಲಿಲ್ಲ. ಇಂಥ ಮೇಳಗಳಲ್ಲಿ ಹಾಡಿದವರಲ್ಲಿ ಯಲ್ಲಮ್ಮನಿಗೆ ಬಿಟ್ಟ ಹೆಣ್ಣುಮಕ್ಕಳೂ ಇದ್ದರು. ಮುತ್ತೈದೆಯರು ಅವರ ಪದವನ್ನು ಬಾಗಿಲ ಸಂದಿಯಿಂದ ಕೇಳಿದರು.

ವಿಚಿತ್ರವೆಂದರೆ ಹಲಸಂಗಿಯೇ ಲಾವಣಿಯ ತವರೂ ಹೌದು. ಖಾಜಾಭಾಯಿಯಂಥ ಲಾವಣಿ ಕವಿಯ ಊರು ಅದು. ಗಂಡಸಿನ ಲಾವಣಿಗೆ ಕವಿಯ ಹೆಸರಿದೆ, ಹೆಂಗಸಿನ ತ್ರಿಪದಿಗೆ ಸಂಗ್ರಾಹಕರ ಹೆಸರಿದೆ.

ಹೆಸರುಳ್ಳ ಕವಯಿತ್ರಿಯರ ಪಾಡೂ ಬಹಳ ಬೇರೆಯಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದಿದ್ದ ಹೊನ್ನಮ್ಮ ಹಾಡುವ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ವಿಷಯ ಸತಿಧರ್ಮ, ಅರಮನೆ ಒಪ್ಪುವ ವಿಷಯ. ಅದರೊಳಗೇ ಅವಳು ಹೆಣ್ಣುಮಗುವನ್ನು ಹೀಗಳೆಯುವ ಹೆತ್ತವರನ್ನು ನಿಲ್ಲಿಸಿ ಕೇಳಿದ ಭಾಗ ಈಗ ಎಲ್ಲರ ನಾಲಗೆಯ ಮೇಲಿದೆ. ಉಳಿದ ಕಾವ್ಯವನ್ನು ಓದುವವರು ವಿರಳ. ಒಪ್ಪಿತವಾದ ಪಾತ್ರೆಯಲ್ಲಿ ಒಪ್ಪದ ಮಾತನ್ನು ಬಡಿಸುವದು, ಕಲ್ಲಿನ ಮುಂದಿನ ತಂಗಿಯರಿಗೂ ಗೊತ್ತಿದ್ದ ಉಪಾಯವೇ.

ರಂಗಭೂಮಿ, ಧ್ವನಿಮುದ್ರಿಕೆಗಳ ಕಾಲಕ್ಕೆ ಬಂದರೆ ಹೆಣ್ಣಿನ ಕಂಠಕ್ಕೆ ಹಣ ಬಂತು, ಹೆಸರು ಬಂತು. ಕೌಜಲಗಿಯ ನಿಂಗಮ್ಮನ ‘ಶ್ರೀಕೃಷ್ಣ ಪಾರಿಜಾತ’ವನ್ನು ನಮ್ಮ ಕಡೆಯ ಹಿರಿಯರು ನೆನೆಯುತ್ತಿದ್ದರು, ಸವತಿಮತ್ಸರದ ಸತ್ಯಭಾಮೆ, ತಾಳ್ಮೆಯ ರುಕ್ಮಿಣಿ, ಇಬ್ಬರ ಮಾತನ್ನೂ ಬರೆದವರು ಅಪರಾಳ ಮತ್ತು ಕುಲಗೋಡದ ತಮ್ಮಣ್ಣಗಳು. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ನೀಡಿದರು. ‘ಕಿಸ್ಮತ್’ನ ಮಾತು ಮಾತ್ರ ಕವಿ ಪ್ರದೀಪರದು. ಕನ್ನಡ ಚಿತ್ರಗೀತೆಯಲ್ಲಂತೂ ಹೆಣ್ಣಿನ ವಿರಹ, ಲಜ್ಜೆ, ತಾಯ್ತನಗಳನ್ನೆಲ್ಲ ಬಹುಮಟ್ಟಿಗೆ ಗಂಡಸರೇ ಬರೆದುಕೊಟ್ಟರು. ಈಗ ಟ್ರ್ಯಾಕ್ಟರಿನಲ್ಲೂ ಮೊಬೈಲಿನಲ್ಲೂ ಮೊಳಗುವ ‘ಉತ್ತರ ಕರ್ನಾಟಕ ಜಾನಪದ’ ಹಾಡುಗಳಲ್ಲಿ ಕೈಕೊಟ್ಟ ಹುಡುಗಿಯನ್ನು ಬಯ್ಯುವ ಪದಗಳಿಗೆ ಲೆಕ್ಕವಿಲ್ಲ. ಅದಕ್ಕೆ ಹುಡುಗಿ ಕೊಡುವ ಉತ್ತರವನ್ನೂ ಹಲವು ಸಲ ಹುಡುಗನೇ ಬರೆದಿರುತ್ತಾನೆ. ನಾಗೇಶಿಯ ಕೊನೆಯ ನುಡಿ ಇನ್ನೂ ಮುಗಿದಿಲ್ಲ!

ಬೀಸುವ ಕಲ್ಲನ್ನು ಹಿಟ್ಟಿನ ಗಿರಣಿ ನಿಲ್ಲಿಸಿತು. ಅದಕ್ಕಾಗಿ ಅಳುವವರ ಪೈಕಿ ನಾನಲ್ಲ. ನಸುಕಿನ ಆ ದುಡಿತವನ್ನು ಹಾಡಿಗಾಗಿ ಉಳಿಸಬೇಕಿತ್ತೆನ್ನುವವರು ಒಂದು ಸೇರು ಜೋಳ ಬೀಸಿ ಮಾತಾಡಬೇಕು. ಆದರೆ ಹೊಳೆಯ ಆಚೆಯವರು ಒಂದು ಕೆಲಸ ಮಾಡಿದರು. ಖಾನದೇಶದ ಬಹಿಣಾಬಾಯಿ ಚೌಧರಿ ಅಕ್ಷರ ಅರಿಯದವಳು. ಅವಳು ಬೀಸುತ್ತ ಹಾಡಿದ ಓವಿಗಳು ಅವಳು ತೀರಿಕೊಂಡ ಮರುವರ್ಷ, 1952ರಲ್ಲಿ, ಅವಳ ಹೆಸರಿನಲ್ಲೇ ಅಚ್ಚಾದವು. ಮಗ ಸೋಪಾನದೇವ ಸ್ವತಃ ಕವಿಯಾಗಿದ್ದದ್ದು ಅವಳ ಭಾಗ್ಯ. ಮುಂದೆ ಪುಣೆಯಲ್ಲಿ ಹೇಮಾ ರಾಯರಕರ್ ಅವರೂ ಫ್ರೆಂಚ್ ವಿದ್ವಾಂಸ ಗೀ ಪಾಟ್ವಾ ಅವರೂ ಹಳ್ಳಿಹಳ್ಳಿಯ ಹೆಂಗಸರಿಂದ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳನ್ನು ಕೂಡಿಸಿದರು. ಹಾಡಿದವಳ ಹೆಸರನ್ನೂ ಊರನ್ನೂ ಗುರುತು ಹಾಕುವ ಪದ್ಧತಿ ಅವರದು.

ನಮ್ಮಲ್ಲಿ ಸಂಗ್ರಾಹಕರ ಹೆಸರು ಬಿ.ಎ. ಓದಿದವರಿಗೆಲ್ಲ ಬಾಯಿಪಾಠ, ಹಾಡಿದ ಒಬ್ಬಳ ಹೆಸರನ್ನಾದರೂ ಹೇಳಿರೆಂದರೆ ತರಗತಿ ಸುಮ್ಮನಾಗುತ್ತದೆ. ಕಲ್ಲು ನಿಂತರೂ ಹಾಡು ಪೂರ್ತಿ ನಿಂತಿಲ್ಲ. ಮದುವೆಯ ಅರಿಶಿನದ ದಿನ ಶಾಸ್ತ್ರಕ್ಕೆಂದು ಕಲ್ಲು ಹೊರಗೆ ಬರುತ್ತದೆ, ಖಣ ಉಡಿಸುತ್ತಾರೆ. ಜುಗೂಳದಂಥ ದಂಡೆಯ ಊರುಗಳಲ್ಲಿ ಆಚೆಯಿಂದ ಸೊಸೆಯಾಗಿ ಬಂದ ಅಜ್ಜಿಯರಿದ್ದಾರೆ. ಕಲ್ಲಿನ ಮುಂದೆ ಕುಳಿತರೆ ಓವಿಯಲ್ಲಿ ಆರಂಭಿಸಿ ತ್ರಿಪದಿಗೆ ಹೊರಳುವವರು. ನಮ್ಮ ಎಂ.ಎ. ವಿದ್ಯಾರ್ಥಿಗಳು ಅಲ್ಲಿಗೆ ಹೋಗುವಾಗ ವಹಿಯ ಮೊದಲ ಸಾಲಿನಲ್ಲಿ ಹಾಡಿದವಳ ಹೆಸರು, ತವರೂರು, ಅಣ್ಣತಮ್ಮಂದಿರೆಷ್ಟು, ಹೊಲ ಎಷ್ಟು ಎಂದು ಬರೆದುಕೊಂಡು ಆಮೇಲೆ ಪದ ಬರೆದುಕೊಳ್ಳಲಿ. ಹೆಣ್ಣುಮಗಳೊಬ್ಬಳು ಹೋಗಿ ಕುಳಿತರೆ ಇನ್ನೂ ಒಳ್ಳೆಯದು. ತಮ್ಮನ ಮುಂದೆ ನುಂಗಿಕೊಂಡ ಪದಗಳು ಅವಳ ಮುಂದೆ ಬಂದಾವು.