ಬ್ರಾಂಕೈಟಿಸ್, ಮಕ್ಕಳಲ್ಲಿ

ಶ್ವಾಸನಾಳಗಳ ಒಳಪದರದ ಉರಿಯೂತ. ಬಹುಪಾಲು ವೈರಸ್‌ಗಳಿಂದ ಬರುತ್ತದೆ. ನೆಗಡಿಯಾಗಿ ಶುರುವಾಗಿ ಎದೆಗಿಳಿಯುತ್ತದೆ. ಮೊದಲು ಒಣಕೆಮ್ಮು, ಆಮೇಲೆ ಕಫ, ಸಣ್ಣ ಜ್ವರ. ಎಳೆಯ ಮಕ್ಕಳು ಕಫ ಉಗುಳಲಾರದೆ ನುಂಗಿ ವಾಂತಿ ಮಾಡುವುದುಂಟು. ಕೆಮ್ಮು ಎರಡು-ಮೂರು ವಾರ ಉಳಿಯಬಹುದು. ಕಫ ಹಳದಿಯಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ವಿಶ್ರಾಂತಿ, ಆಗಾಗ ಬೆಚ್ಚಗಿನ ದ್ರವ, ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು. ಜೇನು ಕೆಮ್ಮನ್ನು ತಗ್ಗಿಸುತ್ತದೆ. ಆದರೆ ವರ್ಷ ತುಂಬದ ಕೂಸಿಗೆ ನೆಕ್ಕಿಸಲೇಬಾರದು, ಬಾಟುಲಿಸಮ್ ಎಂಬ ವಿಷಬಾಧೆಯ ಅಪಾಯವಿದೆ.

ಎಲ್ಲಕ್ಕಿಂತ ಮುಖ್ಯ, ಉಸಿರನ್ನು ಎಣಿಸುವುದು. ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. 2ರಿಂದ 11 ತಿಂಗಳ ಮಗುವಿನಲ್ಲಿ 50, 1ರಿಂದ 5 ವರ್ಷದವರಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಶಂಕಿಸಿ ವೈದ್ಯರಿಗೆ ತೋರಿಸಬೇಕು. ಪಕ್ಕೆ ಒಳಸೆಳೆತ, ತುಟಿ ನೀಲಿಗಟ್ಟುವುದು, ಹಾಲು ಕುಡಿಯಲಾಗದಿರುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.