ಸೋರುವ ಗೋಡೆ, ಹಬ್ಬುವ ಬೂಷ್ಟು: ಮಳೆಗಾಲದ ಎಚ್ಚರಗಳು

ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ತಾರಸಿಯಿಂದಲೋ, ಹೊರಗೋಡೆಯ ಬಿರುಕಿನಿಂದಲೋ, ಮೇಲಿನ ಮನೆಯ ಬಚ್ಚಲಿನಿಂದಲೋ ನೀರು ಒಸರುವುದು ಇಲ್ಲಿ ನೆಲೆಸಿದ ಕುಟುಂಬಗಳಿಗೆ ಹೊಸತಲ್ಲ. ಕೆಲವೇ ದಿನಗಳಲ್ಲಿ ಕಪಾಟಿನ ಹಿಂದೆ, ಛಾವಣಿಯ ಮೂಲೆಗಳಲ್ಲಿ ಕಪ್ಪು ಇಲ್ಲವೆ ಹಸಿರು ಮಚ್ಚೆಗಳು ಮೂಡುತ್ತವೆ. ಗಣೇಶ ಚತುರ್ಥಿಗೆ ಮುನ್ನ ಅವುಗಳ ಮೇಲೆ ಬಣ್ಣ ಬಳಿಸಿ ಮುಚ್ಚುವವರೇ ಹೆಚ್ಚು. ಆದರೆ ಗೋಡೆಯೊಳಗೆ ತೇವವಿರುವತನಕ ಬೂಷ್ಟು ಬಣ್ಣವನ್ನು ಸುಲಿದುಕೊಂಡು ಮರಳಿ ಬರುತ್ತದೆ.

ಬೂಷ್ಟು ಹಿಡಿಯುವುದೇಕೆ?

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಸೂಕ್ಷ್ಮ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಅವುಗಳನ್ನು ಮನೆಯಿಂದ ಪೂರ್ಣವಾಗಿ ಹೊರಹಾಕುವುದು ಅಸಾಧ್ಯ. ನಮ್ಮ ಹತೋಟಿಯಲ್ಲಿರುವುದು ನೀರು ಮಾತ್ರ. ಒದ್ದೆಯಾದ ವಸ್ತುಗಳನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬಹುಮಟ್ಟಿಗೆ ಬೂಷ್ಟು ಹಿಡಿಯುವುದಿಲ್ಲ.

ಆರೋಗ್ಯಕ್ಕೆ ಅಪಾಯ

ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಮನೆಯೊಳಗಿನ ತೇವ ಹಾಗೂ ಬೂಷ್ಟಿಗೂ ಕೆಮ್ಮು, ಉಬ್ಬಸ ಮೊದಲಾದ ಉಸಿರಾಟದ ತೊಂದರೆಗಳಿಗೂ ನಂಟಿರುವುದನ್ನು ಗುರುತಿಸಿದೆ. ಮಕ್ಕಳು, ಅಸ್ತಮಾ ರೋಗಿಗಳು, ರೋಗನಿರೋಧಕ ಶಕ್ತಿ ಕುಂದಿದವರು ವಿಶೇಷ ಎಚ್ಚರ ವಹಿಸಬೇಕು. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ 'ಕಪ್ಪು ಶಿಲೀಂಧ್ರ' ರೋಗಕ್ಕೆ ಆ ಹೆಸರು ಬಂದದ್ದು ಸತ್ತ ಅಂಗಾಂಶದ ಬಣ್ಣದಿಂದ. ಗೋಡೆಯ ಕಪ್ಪು ಮಚ್ಚೆಯನ್ನು ಕಂಡೊಡನೆ ಅದೇ ರೋಗವೆಂದು ಭಯಪಡಬೇಕಿಲ್ಲ.

ಶುಚಿಗೊಳಿಸುವ ಕ್ರಮ

1. ಒದ್ದೆ ಗೋಡೆಯಲ್ಲಿ ಸ್ವಿಚ್ ಅಥವಾ ತಂತಿ ಇದ್ದರೆ ಆ ಕೋಣೆಯ ವಿದ್ಯುತ್ತನ್ನು ಮುಖ್ಯ ಸ್ವಿಚ್‌ನಲ್ಲೇ ನಿಲ್ಲಿಸಿ.

2. ಸೋರಿಕೆಯ ಮೂಲವನ್ನು ಹುಡುಕಿ ಮೊದಲು ಅದನ್ನು ಸರಿಪಡಿಸಿ.

3. ಎನ್-95 ಮುಖಗವಸು, ರಬ್ಬರ್ ಕೈಗವಸು, ಕನ್ನಡಕ ಧರಿಸಿ. ಮಕ್ಕಳನ್ನೂ ಅಸ್ತಮಾ ಇರುವವರನ್ನೂ ಬೇರೆ ಕೋಣೆಗೆ ಕಳುಹಿಸಿ. ಕಿಟಕಿ ತೆರೆದಿರಲಿ, ಫ್ಯಾನ್ ನಿಂತಿರಲಿ.

4. ಒಣ ಪೊರಕೆಯಿಂದ ಗುಡಿಸಬೇಡಿ. ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆದು, ಬಳಿಕ ಚೆನ್ನಾಗಿ ಒಣಗಿಸಿ. ಸತ್ತ ಬೂಷ್ಟೂ ಅಲರ್ಜಿ ಉಂಟುಮಾಡಬಲ್ಲುದರಿಂದ ಅದನ್ನು ಕೊಂದರೆ ಸಾಲದು, ತೆಗೆಯಲೇಬೇಕು.

5. ಬ್ಲೀಚನ್ನು ಶೌಚಾಲಯ ತೊಳೆಯುವ ಆಮ್ಲದೊಡನೆಯಾಗಲಿ ಅಮೋನಿಯಾ ಇರುವ ದ್ರಾವಣದೊಡನೆಯಾಗಲಿ ಎಂದಿಗೂ ಬೆರೆಸಬೇಡಿ. ಹಾಗೆ ಬೆರೆಸಿದಾಗ ಹೊಮ್ಮುವ ವಿಷಾನಿಲ ಪ್ರಾಣಾಪಾಯ ತರಬಲ್ಲುದು.

6. ಬೂಷ್ಟು ಹಿಡಿದ ಹತ್ತಿಯ ಹಾಸಿಗೆ, ದಿಂಬು, ಉಬ್ಬಿದ ಪ್ಲೈವುಡ್ ಇವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಹಾಕುವುದೇ ಲೇಸು. 2005ರ ಜುಲೈ 26ರ ಮಹಾಮಳೆಯಂತಹ ಪ್ರವಾಹದಲ್ಲಿ ಮನೆಗೆ ನುಗ್ಗುವುದು ಚರಂಡಿ ಬೆರೆತ ನೀರು. ಅದರಲ್ಲಿ ನೆನೆದ ಹಾಸಿಗೆಯನ್ನು ಉಳಿಸಿಕೊಳ್ಳಬೇಡಿ.

ಬೂಷ್ಟು ಸುಮಾರು 10 ಚದರ ಅಡಿಗಿಂತ ಹೆಚ್ಚು ಹಬ್ಬಿದ್ದರೆ ಅನುಭವಿ ತಂತ್ರಜ್ಞರನ್ನು ಕರೆಸುವುದು ಒಳ್ಳೆಯದು.

ಗೋಡೆ ಒಣಗಿತೇ?

ಗಾರೆ ಒಳಗಿನಿಂದ ಒಣಗಲು ವಾರಗಳೇ ಹಿಡಿಯಬಹುದು. ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ ಹನಿಗಟ್ಟಿದ್ದರೆ ಗೋಡೆಯಲ್ಲಿ ಇನ್ನೂ ನೀರಿದೆ. ಹೊರಬದಿಯಲ್ಲಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚಿದೆ. ಕೋಣೆಯ ಆರ್ದ್ರತೆ ಶೇ. 60ಕ್ಕಿಂತ ಕೆಳಗಿರಬೇಕು. ಕಪಾಟನ್ನು ಗೋಡೆಗೆ ತಾಗಿಸದೆ ಗಾಳಿಯಾಡಲು ಜಾಗ ಬಿಡಿ.

ಖರ್ಚು ಯಾರದು?

ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ತಾರಸಿ ಮತ್ತು ಹೊರಗೋಡೆಯಿಂದಾಗುವ ಮಳೆನೀರಿನ ಸೋರಿಕೆಯ ದುರಸ್ತಿ ಸೊಸೈಟಿಯ ಹೊಣೆ; ಮನೆಯೊಳಗಿನ ಬಚ್ಚಲು, ಸಿಂಕುಗಳ ಸೋರಿಕೆ ಆಯಾ ಸದಸ್ಯರ ಹೊಣೆ. ಮಚ್ಚೆಗಳ ಛಾಯಾಚಿತ್ರ ತೆಗೆದಿಟ್ಟುಕೊಂಡು, ಕಾರ್ಯದರ್ಶಿಯವರಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಈ ಕೆಲಸ ಶುಚಿಗೊಳಿಸುವುದಕ್ಕೆ ಮುಂಚೆಯೇ ಆಗಲಿ.

ಹಬ್ಬಕ್ಕೆ ಗೋಡೆ ಒಣಗದಿದ್ದರೆ ಈ ವರ್ಷ ಹಾಗೆಯೇ ಇರಲಿ. ಮಚ್ಚೆ ಕಂಡ ಅತಿಥಿಗಳು ಏನೆಂದುಕೊಂಡಾರೋ ಎಂಬ ಸಂಕೋಚಕ್ಕಿಂತ ಆ ಕೋಣೆಯಲ್ಲಿ ಮಲಗುವ ಮಗುವಿನ ಉಸಿರು ದೊಡ್ಡದು.